ನಿರಾಕರಣೆಯ ಹಾಳೆ, ಅಡಿಕೆಯ ಕರೆ

ನಮ್ಮ ಮನೆಯ ಮಾಳಿಗೆಯಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಪಹಣಿ, ಸೊಸೈಟಿಯ ಸಾಲದ ಪುಸ್ತಕ, ಅಜ್ಜನ ಮರಣಪತ್ರ ಇವುಗಳ ನಡುವೆ ಒಂದು ಇಂಗ್ಲಿಷ್ ಹಾಳೆ ಇದೆ. 2016ರ ಜುಲೈ ತಿಂಗಳಲ್ಲಿ ಅಮೆರಿಕದ ವೀಸಾ ಸಂದರ್ಶನದ ಗಾಜಿನ ಕಿಂಡಿಯ ಅಡಿಯಿಂದ ನನ್ನ ಪಾಸ್‌ಪೋರ್ಟಿನ ಜೊತೆ ವಾಪಸು ಬಂದ ಹಾಳೆ ಅದು. ಅದರಲ್ಲಿರುವುದು ಇಷ್ಟೇ: ವಲಸೆ ಮತ್ತು ಪೌರತ್ವ ಕಾಯ್ದೆಯ 214(ಬಿ) ಕಲಮಿನಂತೆ ನಿಮಗೆ ವೀಸಾ ಕೊಡಲಾಗುತ್ತಿಲ್ಲ, ಇದಕ್ಕೆ ಮೇಲ್ಮನವಿ ಇಲ್ಲ, ಬೇಕಿದ್ದರೆ ಮುಂದೆ ಮತ್ತೆ ಅರ್ಜಿ ಹಾಕಿಕೊಳ್ಳಿ.

ಆ ಹಾಳೆಯನ್ನು ನಾನು ಹರಿದು ಹಾಕಲು ಹೊರಟಿದ್ದೆ. ಅಪ್ಪಯ್ಯ ಕೈಯಿಂದ ತೆಗೆದುಕೊಂಡು, ಮಡಚಿ ಪೆಟ್ಟಿಗೆಗೆ ಹಾಕಿದರು. ಸರ್ಕಾರದ ಮುದ್ರೆ ಇರುವ ಯಾವ ಕಾಗದವನ್ನೂ ಅವರು ಎಸೆದವರಲ್ಲ. ಏಳು ವರ್ಷಗಳ ನಂತರ ಕೆಲಸದ ವೀಸಾದ ಮೇಲೆ ಅದೇ ದೇಶದ ಗಡಿ ದಾಟುವಾಗ ನನಗೆ ಬೇಕಾದದ್ದು ಆ ಹಾಳೆಯಲ್ಲಿದ್ದ ದಿನಾಂಕ.

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು, ಎರಡು ಮೈಲಿ ಒಳಗೆ ನಡೆದರೆ ನಮ್ಮ ಮನೆ. ಎರಡೂವರೆ ಎಕರೆ ಅಡಿಕೆ ತೋಟ, ಕೆಳಗೆ ಒಂದಿಷ್ಟು ಗದ್ದೆ, ಹಿಂದೆ ಸೊಪ್ಪಿನಬೆಟ್ಟ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿದ ಮೇಲೆ ಎಂ.ಎಸ್. ಓದಲು ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಆಮೇಲೆ ಶುರುವಾಯಿತು ಕಾಗದದ ಓಡಾಟ. ತೋಟಕ್ಕೆ ಬೆಲೆ ಕಟ್ಟಿಸಿದೆವು. ಬ್ಯಾಂಕಿನ ಸಾಲಕ್ಕೆ ಚಿಕ್ಕಪ್ಪ ಜಾಮೀನು ನಿಂತರು. ವಿದ್ಯಾರ್ಥಿ ದಾಖಲಾತಿಯ ಶುಲ್ಕ 200 ಡಾಲರ್, ವೀಸಾ ಶುಲ್ಕ 160 ಡಾಲರ್. ವೀಸಾ ಶುಲ್ಕವೊಂದೇ ಆಗಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿಯ ಹತ್ತಿರ, ಸಿಗಲಿ ಬಿಡಲಿ ಅದು ವಾಪಸು ಬರುವುದಿಲ್ಲ. ಬೆಂಗಳೂರಿನ ಒಂದು ಸಲಹಾ ಕೇಂದ್ರದವರು ಸಂದರ್ಶನಕ್ಕೆಂದು ನಾಲ್ಕು ಪುಟದ ಪ್ರಶ್ನೋತ್ತರ ಕೊಟ್ಟರು. ಅದನ್ನು ನಾನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ನನ್ನ ತಪ್ಪು ಶುರುವಾದದ್ದು ಅಲ್ಲಿ.

ಕರ್ನಾಟಕದಲ್ಲಿ ಆಗ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ, ಹೊರರಾಜ್ಯಕ್ಕೆ ಹೋಗಬೇಕಿತ್ತು. ಅಪ್ಪಯ್ಯ ಜೊತೆಗೆ ಬಂದರು. ಒಳಗೆ ಮೊಬೈಲ್ ಬಿಡುವುದಿಲ್ಲ, ಚೀಲ ಬಿಡುವುದಿಲ್ಲ. ಕಾಗದದ ಕಡತ ಮಾತ್ರ. ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗಿ ಕಿಂಡಿಯ ಮುಂದೆ ನಿಂತು, “ಓದು ಮುಗಿದ ಕೂಡಲೇ ತಾಯ್ನಾಡಿಗೆ ಮರಳಿ ಇಲ್ಲಿನ ಉದ್ಯಮಕ್ಕೆ ಕೊಡುಗೆ ನೀಡುತ್ತೇನೆ” ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ನನ್ನ ಎದೆ ಧಸಕ್ಕೆಂದಿತು. ನನ್ನ ನಾಲ್ಕು ಪುಟಗಳಲ್ಲಿದ್ದ ವಾಕ್ಯವೂ ಅಕ್ಷರಕ್ಷರ ಅದೇ ಆಗಿತ್ತು.

ನನ್ನ ಸರದಿ ಬಂದಾಗ ಅಧಿಕಾರಿ ಕಡತವನ್ನು ಮುಟ್ಟಲಿಲ್ಲ. ಖರ್ಚು ಯಾರು ಕೊಡುತ್ತಾರೆ ಎಂದರು. ತಂದೆ, ಎಂದೆ. ಏನು ಮಾಡುತ್ತಾರೆ? ಕೃಷಿ. ವರ್ಷದ ವರಮಾನ ಎಷ್ಟು? ಸಲಹಾ ಕೇಂದ್ರದವರು ಬರೆದುಕೊಟ್ಟ ಅಂಕಿಯನ್ನು ಹೇಳಿದೆ. ತೆರಿಗೆ ವಿವರ ಸಲ್ಲಿಸಿದ್ದಾರೆಯೇ? ಇದಕ್ಕೆ ನಾಲ್ಕು ಪುಟಗಳಲ್ಲಿ ಉತ್ತರ ಇರಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಭಾರತದಲ್ಲಿ ಕೃಷಿ ವರಮಾನಕ್ಕೆ ಆದಾಯ ತೆರಿಗೆ ಇಲ್ಲ. ಆಗ ಜಾರಿಯಲ್ಲಿದ್ದ 1961ರ ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿತ್ತು. ಕೊಳೆರೋಗ ಬಂದ ವರ್ಷ ಅರ್ಧ ಫಸಲು ನೆಲಕ್ಕೆ ಬೀಳುತ್ತದೆ, ಬೋರ್ಡೋ ದ್ರಾವಣ ಸಮಯಕ್ಕೆ ಸಿಂಪಡಿಸಿದ ವರ್ಷ ಉಳಿಯುತ್ತದೆ, ಹಾಗಾಗಿ ಒಂದೇ ಅಂಕಿ ಹೇಳುವುದು ಕಷ್ಟ. ಇಷ್ಟನ್ನು ಹೇಳಿದ್ದರೆ ಸಾಕಿತ್ತೇನೋ. ನಾನು ಹೇಳಲಿಲ್ಲ. ಬಾಯಿ ಒಣಗಿತ್ತು. ಓದು ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದಾಗ, ಮುಂದಿದ್ದ ಹುಡುಗಿ ಹೇಳಿದ ಅದೇ ವಾಕ್ಯ ನನ್ನ ಬಾಯಿಂದ ಬಂತು.

ಎರಡು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದಾಗ ಅಪ್ಪಯ್ಯ ಎದುರಿನ ಮರದ ನೆರಳಿನಲ್ಲಿ ನಿಂತಿದ್ದರು. ನನ್ನ ಕೈಯಲ್ಲಿ ಪಾಸ್‌ಪೋರ್ಟ್ ಇದ್ದದ್ದನ್ನು ಕಂಡು ಅವರ ಮುಖ ಅರಳಿತು. ವೀಸಾ ಸಿಕ್ಕಿದರೆ ಪಾಸ್‌ಪೋರ್ಟನ್ನು ಒಳಗೇ ಇಟ್ಟುಕೊಳ್ಳುತ್ತಾರೆ, ಕೈಗೆ ವಾಪಸು ಬಂದರೆ ಸಿಕ್ಕಿಲ್ಲ ಎಂದು ಅರ್ಥ, ಇದು ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು. ಅಂದಿನ ದಿನದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಅದು.

ಊರಿಗೆ ಬಂದ ಮೇಲೆ ಇನ್ನೊಂದು ಕಷ್ಟ. ಮದುವೆ ಮನೆಯ ಪಂಕ್ತಿಯಲ್ಲಿ, ಉಪನಯನದಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಯಾವಾಗ ಹೊರಡುವುದು? ಅಮ್ಮ ಮೊದಲು, “ಇನ್ನೂ ತೀರ್ಮಾನ ಆಗಿಲ್ಲ” ಎಂದಳು. ದಸರಾ ಕಳೆಯುವ ಹೊತ್ತಿಗೆ ಅದು, “ಅವಳಿಗೇ ಮನಸ್ಸಾಗಲಿಲ್ಲ” ಎಂದಾಯಿತು. ಯಾರಿಗೂ ಕೇಡು ಮಾಡದ ಮಾತು. ನನ್ನ ಮಾನ ಉಳಿಸಲು ಅಮ್ಮ ಆಡಿದ ಮಾತು. ಆದರೆ ವರ್ಷಗಳು ಕಳೆದ ಹಾಗೆ ನಾನೂ ಅದನ್ನೇ ಹೇಳತೊಡಗಿದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಸಹೋದ್ಯೋಗಿಗಳಿಗೂ ಹಾಗೆಯೇ ಹೇಳಿದೆ.

214(ಬಿ) ಎಂದರೇನು ಎಂದು ನಾನು ಸರಿಯಾಗಿ ಓದಿ ತಿಳಿದದ್ದು ಎಷ್ಟೋ ಕಾಲದ ನಂತರ. ತಾತ್ಕಾಲಿಕ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲೇ ನೆಲೆಸಲು ಬಂದವನೆಂದು ಆ ಕಾಯ್ದೆ ಮೊದಲೇ ಎಣಿಸಿಬಿಡುತ್ತದೆ. ಅಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರನದು. ಅಧಿಕಾರಿ ನಮ್ಮನ್ನು ಸುಳ್ಳುಗಾರರೆಂದು ಕರೆದ ಹಾಗಲ್ಲ, ಮನವರಿಕೆಯಾಗಲಿಲ್ಲ ಎಂದಷ್ಟೇ. ಅದು ಶಾಶ್ವತ ನಿಷೇಧವೂ ಅಲ್ಲ. ಇನ್ನೊಂದು ಸಂಗತಿ ತಿಳಿದಾಗ ನನಗೆ ಉಸಿರು ಬಂದ ಹಾಗಾಯಿತು: ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಆ ಎಣಿಕೆ ಅನ್ವಯಿಸುವುದೇ ಇಲ್ಲ. 1990ರ ವಲಸೆ ಕಾಯ್ದೆ ಅದನ್ನು ಹೊರಗಿಟ್ಟಿದೆ. ಮುಂದೊಂದು ದಿನ ಅಲ್ಲೇ ನೆಲೆಸುವ ಆಸೆ ಇದ್ದರೂ ಆ ವೀಸಾ ಕೇಳಬಹುದು. ಅಲ್ಲಿ ನೋಡುವುದು ಬೇರೆ: ಕೆಲಸ ನಿಜವಾಗಿಯೂ ಇದೆಯೇ, ಆ ಕೆಲಸಕ್ಕೆ ಪದವಿ ಬೇಕೇ, ಹೇಳಿದ ಸಂಬಳ ಕೊಡುತ್ತಾರೆಯೇ, ಅರ್ಜಿದಾರ ನಂಬತಕ್ಕವನೇ.

ಕೊರೊನಾ ಕಾಲದಲ್ಲಿ ಒಂದೂವರೆ ವರ್ಷ ಊರಿನಿಂದಲೇ ಕೆಲಸ ಮಾಡಿದೆ. ಆಸ್ಪತ್ರೆಗಳ ಬಿಲ್ಲಿನ ತಂತ್ರಾಂಶ ನಮ್ಮದು. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಗುಡ್ಡದ ತಲೆಯ ಮೇಲೆ ನಾಲ್ಕು ಗಳ ನೆಟ್ಟು, ಪ್ಲಾಸ್ಟಿಕ್ ಹೊದಿಸಿ, ಅಪ್ಪಯ್ಯ ನನಗೊಂದು ಮಾಡು ಕಟ್ಟಿಕೊಟ್ಟರು. ಅಲ್ಲಿ ಕುಳಿತು ಮಾಡಿದ ಕೆಲಸದಿಂದಲೇ ಕಂಪನಿಯವರಿಗೆ ನನ್ನ ಮೇಲೆ ಭರವಸೆ ಬಂದದ್ದು. 2023ರ ಮಾರ್ಚ್‌ನಲ್ಲಿ ಅವರು ನನ್ನ ಹೆಸರನ್ನು ಎಚ್-1ಬಿ ಲಾಟರಿಗೆ ನೋಂದಾಯಿಸಿದರು. ನೋಂದಣಿ ಶುಲ್ಕ ಆಗ 10 ಡಾಲರ್. ವರ್ಷಕ್ಕೆ ಸಿಗುವುದು 65,000 ವೀಸಾ, ಜೊತೆಗೆ ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ 20,000. ಆ ವರ್ಷ ಬಂದ ನೋಂದಣಿಗಳು 7,80,884. ಒಬ್ಬರ ಹೆಸರಿನಲ್ಲೇ ನಾಲ್ಕಾರು ಕಂಪನಿಗಳು ನೋಂದಾಯಿಸುವ ದಾರಿ ಆಗ ತೆರೆದಿತ್ತು, ನನಗೂ ಒಬ್ಬರು ಆ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಮರುವರ್ಷದಿಂದ ಎಷ್ಟು ಕಂಪನಿ ನೋಂದಾಯಿಸಿದರೂ ಒಬ್ಬರಿಗೆ ಒಂದೇ ಅವಕಾಶ ಎಂಬ ನಿಯಮ ಬಂತು, ಅದು ನ್ಯಾಯವಾದದ್ದು. ನನ್ನ ಹೆಸರು ಒಂದೇ ನೋಂದಣಿಯಲ್ಲಿ ಬಂತು. ಬೇಸಿಗೆ ಮುಗಿಯುವ ಹೊತ್ತಿಗೆ ಕಂಪನಿಯ ಅರ್ಜಿಗೆ ಒಪ್ಪಿಗೆಯ ಪತ್ರವೂ ಬಂತು. (ಆಮೇಲೆ ಲೆಕ್ಕವೇ ಬದಲಾಯಿತು. 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆಯಲ್ಲಿ ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದಾಯಿತು. ನನ್ನಂಥವರಿಗೆ ಯಾವ ಕಂಪನಿ ಅಷ್ಟು ಹಣ ಹಾಕೀತು ಎಂದು ನೆನೆದರೆ ಸಂಕಟವಾಗುತ್ತದೆ.)

ಹಳೆಯ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿತ್ತು. ನವೀಕರಿಸಿದೆ, ಪೊಲೀಸರು ಮನೆಗೆ ಬಂದು ವಿಚಾರಿಸಿ ಹೋದರು, ಹೊಸ ಸಂಖ್ಯೆಯ ಹೊಸ ಪುಸ್ತಕ ಬಂತು. ಆ ಹೊಸ ಸಂಖ್ಯೆಯೇ ನನ್ನನ್ನು ಆಸೆಗೆ ತಳ್ಳಿದ್ದು.

ವೀಸಾದ ಅರ್ಜಿ ಡಿಎಸ್-160 ಎಂಬ ಆನ್‌ಲೈನ್ ನಮೂನೆ. ಅದನ್ನು ನಾನು ಆಗಸ್ಟ್‌ನ ಒಂದು ರಾತ್ರಿ ಊರಿನಲ್ಲಿ ಕುಳಿತು ತುಂಬಿದೆ. ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಪುಟ ಮುಚ್ಚಿಕೊಂಡುಬಿಡುತ್ತದೆ, ಅರ್ಜಿಯ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ಮಾತ್ರ ಮತ್ತೆ ತೆರೆಯಬಹುದು. ಕರೆಂಟ್ ಹೋಗಿತ್ತು. ಜಗುಲಿಯ ತುದಿಯ ಕಂಬಕ್ಕೆ ಮೊಬೈಲನ್ನು ರಬ್ಬರ್ ಪಟ್ಟಿಯಿಂದ ಕಟ್ಟಿ, ಅದರಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಎಳೆದುಕೊಂಡಿದ್ದೆ. ಹೆಸರು, ಓದು, ಕೆಲಸ ಎಲ್ಲವೂ ಸಲೀಸಾಗಿ ಮುಗಿದವು. ಆಮೇಲೆ ಆ ಪ್ರಶ್ನೆ ಬಂತು: ನಿಮಗೆ ಎಂದಾದರೂ ಅಮೆರಿಕದ ವೀಸಾ ನಿರಾಕರಿಸಲಾಗಿದೆಯೇ, ಅಥವಾ ಗಡಿಯಲ್ಲಿ ಪ್ರವೇಶ ನಿರಾಕರಿಸಲಾಗಿದೆಯೇ, ಅಥವಾ ಗಡಿಯಲ್ಲಿ ನೀವೇ ಅರ್ಜಿ ಹಿಂತೆಗೆದುಕೊಂಡಿದ್ದೀರಾ? ಎರಡು ಪುಟ್ಟ ವೃತ್ತಗಳು. ಹೌದು. ಇಲ್ಲ.

ಆ ದಿನ ಮಧ್ಯಾಹ್ನ ಬೆಂಗಳೂರಿನಿಂದ ಪರಿಚಯದವರೊಬ್ಬರು ಫೋನಿನಲ್ಲಿ ಹೇಳಿದ್ದರು: “ಪಾಸ್‌ಪೋರ್ಟ್ ಹೊಸದು, ಸಂಖ್ಯೆ ಬೇರೆ. ಏಳು ವರ್ಷದ ಹಿಂದಿನದನ್ನು ಯಾರು ನೋಡುತ್ತಾರೆ? ಇಲ್ಲ ಎಂದು ಹಾಕಿಬಿಡಿ, ಸುಮ್ಮನೆ ಯಾಕೆ ಗಾಯ ಕೆರೆಯುತ್ತೀರಿ.” ಏಳು ವರ್ಷ “ನನಗೇ ಮನಸ್ಸಾಗಲಿಲ್ಲ” ಎಂದು ಹೇಳಿಕೊಂಡು ಬಂದವಳಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದು ಹೇಳಲಾರೆ. ಮೌಸಿನ ಬಾಣವನ್ನು “ಇಲ್ಲ” ಎಂಬ ವೃತ್ತದ ಮೇಲೆ ತಂದು ನಿಲ್ಲಿಸಿದ್ದೆ, ಒತ್ತಿರಲಿಲ್ಲ.

ಅಪ್ಪಯ್ಯ ಪಕ್ಕದಲ್ಲಿ ಲಾಟೀನಿನ ಬತ್ತಿ ಸರಿಮಾಡುತ್ತಾ ಕುಳಿತಿದ್ದರು. ಏನು ಕೇಳಿದ್ದಾರೆ ಎಂದರು. ಓದಿ ಹೇಳಿದೆ. ಫೋನಿನಲ್ಲಿ ಬಂದ ಸಲಹೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಾವು ಊರಿನವರಿಗೆ ಹೇಳಿದ್ದು ನಮ್ಮ ಮನೆಯ ಸುಳ್ಳು. ಅದನ್ನು ಅವರ ಕಾಗದಕ್ಕೆ ಹತ್ತಿಸಬೇಡ ಕೂಸೇ” ಎಂದರು. ಎದ್ದು ಮಾಳಿಗೆ ಹತ್ತಿ, ಆ ಹಾಳೆಯನ್ನು ತಂದು ಲಾಟೀನಿನ ಬುಡದಲ್ಲಿ ಇಟ್ಟರು. ಮಡಿಕೆಯ ಗೆರೆಯಲ್ಲಿ ಬೂಸು ಹಿಡಿದಿತ್ತು, ದಿನಾಂಕ ಮಾತ್ರ ಸ್ಪಷ್ಟವಾಗಿತ್ತು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಏನೂ ಅಳಿಸುವುದಿಲ್ಲ. ಮೊದಲ ಸಲವೇ ಹತ್ತು ಬೆರಳಿನ ಗುರುತು ಕೊಟ್ಟಿರುತ್ತೇವೆ, ಅದು ಹೆಸರು ಮತ್ತು ಜನ್ಮದಿನಾಂಕದೊಂದಿಗೆ ಅವರಲ್ಲಿ ಉಳಿದಿರುತ್ತದೆ. ವೀಸಾ ನಿರಾಕರಣೆ ಜೀವನಪರ್ಯಂತದ ಅಡ್ಡಿಯಲ್ಲ, ಆದರೆ ಅದನ್ನು ಬೇಕೆಂದೇ ಮುಚ್ಚಿಟ್ಟರೆ ಆ ಸುಳ್ಳು ಜೀವನಪರ್ಯಂತದ ಅಡ್ಡಿಯಾಗಬಲ್ಲದು. ಅದೇ ಕಾಯ್ದೆಯ 212ನೆಯ ಕಲಮಿನಲ್ಲಿ ಸುಳ್ಳು ಹೇಳಿ ವೀಸಾ ಪಡೆಯಲು ಯತ್ನಿಸಿದವರಿಗೆ ಪ್ರವೇಶವಿಲ್ಲ ಎಂದಿದೆ, ಅದಕ್ಕೆ ವರ್ಷಗಳ ಮಿತಿ ಹಾಕಿಲ್ಲ. ಸಾಧಾರಣವಾದ ಒಂದು ಸೋಲನ್ನು ಮುಚ್ಚಲು ಹೋಗಿ ಬಾಗಿಲನ್ನೇ ಮುಚ್ಚಿಕೊಳ್ಳುವ ಸಲಹೆಯನ್ನು ಜನ ಎಷ್ಟು ಹಗುರವಾಗಿ ಕೊಡುತ್ತಾರೆಂದರೆ, ಇಂದಿಗೂ ನನಗೆ ಸಿಟ್ಟು ಬರುತ್ತದೆ.

“ಹೌದು” ಒತ್ತಿದೆ. ವಿವರಿಸಿ ಎಂಬ ಚೌಕ ತೆರೆಯಿತು. ಯಾವ ದಿನ, ಯಾವ ಬಗೆಯ ವೀಸಾ, ಯಾವ ಕಲಮು, ಅಂದಿನಿಂದ ಎಲ್ಲಿ ಕೆಲಸ ಮಾಡುತ್ತಿದ್ದೇನೆ, ನಾಲ್ಕು ಸಾಲು ಬರೆದೆ. ನೆಪ ಬರೆಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಈ ಸಲ ಸಂದರ್ಶನ ಚೆನ್ನೈನಲ್ಲಿ, ಸೆಪ್ಟೆಂಬರ್‌ನಲ್ಲಿ. ಶುಲ್ಕ 205 ಡಾಲರ್ ಆಗಿತ್ತು, ಕಂಪನಿ ಕಟ್ಟಿತು. ಮೊದಲ ದಿನ ಬೇರೊಂದು ಕಟ್ಟಡದಲ್ಲಿ ಫೋಟೊ, ಬೆರಳಚ್ಚು. ಮರುದಿನ ಅಣ್ಣಾ ಸಾಲೈನ ಜೆಮಿನಿ ಮೇಲ್ಸೇತುವೆಯ ಪಕ್ಕದ ಕಾನ್ಸುಲೇಟಿನಲ್ಲಿ ಸಾಲು. ಕಡತದಲ್ಲಿ ಒಪ್ಪಿಗೆಯ ಪತ್ರ, ಕಂಪನಿಯ ಅರ್ಜಿಯ ಪ್ರತಿ, ಕೆಲಸದ ಜಾಗ ಮತ್ತು ಸಂಬಳವನ್ನು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಘೋಷಿಸಿದ ಪತ್ರ ಇದ್ದವು. ತಯಾರಿ ಎಂದು ನಾನು ಮಾಡಿದ್ದು ಒಂದೇ: ಆ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದ್ದು. ನನ್ನ ಬಗ್ಗೆ ಕಂಪನಿ ಏನು ಹೇಳಿದೆ ಎಂದು ನನಗೆ ಗೊತ್ತಿರಬೇಕಲ್ಲವೇ? ಎಷ್ಟೋ ಜನ ಅದನ್ನು ಬಿಚ್ಚಿಯೂ ನೋಡಿರುವುದಿಲ್ಲ.

ಅಧಿಕಾರಿ ಕೆಲಸದ ಬಗ್ಗೆ ಕೇಳಿದರು, ಹೇಳಿದೆ. ಸಂಬಳ, ಊರು, ಯಾರ ಕೈಕೆಳಗೆ ಕೆಲಸ, ಎಲ್ಲವನ್ನೂ ಹೇಳಿದೆ. ಆಮೇಲೆ ಪರದೆಯತ್ತ ನೋಡುತ್ತಾ, “2016ರಲ್ಲಿ ಏನಾಯಿತು?” ಎಂದರು.

“ವಿದ್ಯಾರ್ಥಿ ವೀಸಾ ಕೇಳಿದ್ದೆ. ನಮ್ಮದು ಅಡಿಕೆ ತೋಟ. ಖರ್ಚಿಗೆ ಹಣ ಹೇಗೆ ಬರುತ್ತದೆಂದು ನನ್ನ ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ. ಬೇರೆಯವರು ಬರೆದುಕೊಟ್ಟದ್ದನ್ನು ಒಪ್ಪಿಸಿದೆ.”

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೇನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಏನನ್ನೋ ಟೈಪ್ ಮಾಡಿ, ಪಾಸ್‌ಪೋರ್ಟನ್ನು ತಮ್ಮ ಬದಿಯ ತಟ್ಟೆಗೆ ಹಾಕಿಕೊಂಡರು. ಅದು ನನ್ನ ಕಡೆಗೆ ವಾಪಸು ಬರಲಿಲ್ಲ. ಹೊರಗೆ ಬಂದು ಅಪ್ಪಯ್ಯನಿಗೆ ಫೋನು ಮಾಡಿ, “ಪಾಸ್‌ಪೋರ್ಟ್ ಒಳಗೇ ಇಟ್ಟುಕೊಂಡರು” ಎಂದಷ್ಟೇ ಹೇಳಿದೆ. ಈ ಸಲ ಅವರಿಗೆ ಅರ್ಥವಾಯಿತು.

ಆದರೂ ಇಷ್ಟಕ್ಕೆ ಮುಗಿಯಲಿಲ್ಲ. ವೀಸಾ ಎಂದರೆ ದಣಪೆ ದಾಟಿ ಅಂಗಳಕ್ಕೆ ಬರುವ ಅನುಮತಿ. ಜಗುಲಿಗೆ ಹತ್ತಿಸುವುದೋ ಬೇಡವೋ ಎಂದು ತೀರ್ಮಾನಿಸುವವರು ಗಡಿಯ ಅಧಿಕಾರಿಗಳು. ಅವರದು ಬೇರೆಯೇ ಇಲಾಖೆ. ವೀಸಾ ಇದ್ದೂ ಗಡಿಯಲ್ಲಿ ತಡೆಯುವ ಅಧಿಕಾರ ಅವರಿಗಿದೆ. ಇದನ್ನು ಅಮ್ಮನಿಗೆ ಹೇಳಿರಲಿಲ್ಲ, ಅಪ್ಪಯ್ಯನಿಗೆ ಹೇಳಿದ್ದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. ಹಿಂದಿನ ವರ್ಷದಿಂದ ಎಲೆಚುಕ್ಕೆ ರೋಗ ಬೇರೆ ನಮ್ಮ ಕಡೆಯ ತೋಟಗಳನ್ನು ಸುಡುತ್ತಾ ಬಂದಿತ್ತು, ಸೋಗೆಗಳು ಹಳದಿಯಾಗಿ ಒಣಗಿ ನೇತಾಡುತ್ತಿದ್ದವು. ಸಿಕ್ಕಷ್ಟು ಅಡಿಕೆಯ ಮೊದಲ ಕೊಯ್ಲು ಬೇಗನೇ ಆಯಿತು. ಹೊರಡುವ ಹಿಂದಿನ ರಾತ್ರಿ ನಾನೂ ಹೆಂಗಸರ ಜೊತೆ ಮೆಟ್ಟುಗತ್ತಿ ಹಿಡಿದು ಸುಲಿಯಲು ಕುಳಿತೆ. ಅಮ್ಮ ಬೇಡವೆಂದಳು. ನನಗೆ ಕೂರಬೇಕೆನಿಸಿತು, ಮತ್ತೆ ಯಾವ ವರ್ಷ ಆ ಚಪ್ಪರದ ಕೆಳಗೆ ಕೂರುತ್ತೇನೋ. ಅಭ್ಯಾಸ ತಪ್ಪಿದ ಕೈ, ಬಲಗೈಯ ತೋರುಬೆರಳಿನ ತುದಿ ಕೊಯ್ದುಕೊಂಡಿತು. ಹಸಿ ಅಡಿಕೆಯ ಕರೆ ಹತ್ತು ಬೆರಳಿಗೂ ಹತ್ತಿ ಬೆಳಿಗ್ಗೆಯ ಹೊತ್ತಿಗೆ ಕಪ್ಪಾಗಿತ್ತು. ಹುಳಿ ಹಚ್ಚಿ ಉಜ್ಜಿದರೂ ಹೋಗಲಿಲ್ಲ.

ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಆಗಸ್ಟ್ 31ರಂದು ವಿಮಾನ ಶುರುವಾಗಿತ್ತು. ಬಸ್ಸಿನಲ್ಲಿ ಹೋಗುತ್ತೇನೆಂದರೂ ಅಪ್ಪಯ್ಯ ಕೇಳಲಿಲ್ಲ, ನಮ್ಮ ಜಿಲ್ಲೆಯ ನೆಲದಿಂದಲೇ ಹಾರಬೇಕೆಂದು ಅವರ ಹಟ. ಕಮಲದ ಆಕಾರದ ಆ ಕಟ್ಟಡಕ್ಕೆ ಕುವೆಂಪು ಅವರ ಹೆಸರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ಅಪ್ಪಯ್ಯ ಅಮ್ಮ ಬಾಗಿಲ ಹೊರಗೆ ನಿಂತರು. ರೆಕ್ಕೆಯ ಮೇಲೆ ಪಂಕ ತಿರುಗುವ ಸಣ್ಣ ವಿಮಾನ ಮೇಲೇರಿದಾಗ ಅವರು ಎಲ್ಲಿ ನಿಂತಿರಬಹುದೆಂದು ಕಿಟಕಿಯಿಂದ ಹುಡುಕಿದೆ, ಕಾಣಲಿಲ್ಲ.

ನಾನು ಹಿಡಿದದ್ದು ಬೆಂಗಳೂರಿನಿಂದ ಅಬುಧಾಬಿ, ಅಲ್ಲಿಂದ ಶಿಕಾಗೊ ದಾರಿ. ಅಬುಧಾಬಿಯಲ್ಲಿ ಒಂದು ವಿಶೇಷವಿದೆ. 2014ರಿಂದ ಅಲ್ಲಿನ ವಿಮಾನ ನಿಲ್ದಾಣದೊಳಗೇ ಅಮೆರಿಕದ ಗಡಿ ಅಧಿಕಾರಿಗಳು ಕುಳಿತು ತಪಾಸಣೆ ಮಾಡುತ್ತಾರೆ. ಅಲ್ಲಿ ದಾಟಿದರೆ ಅಮೆರಿಕದಲ್ಲಿ ದೇಶದೊಳಗಿನ ಪ್ರಯಾಣಿಕರ ಹಾಗೆ ಇಳಿದು ಹೊರಟುಬಿಡಬಹುದು. ದಾಟದಿದ್ದರೆ ವಿಮಾನವೇ ಹತ್ತುವಂತಿಲ್ಲ. ಮರಳುಗಾಡಿನ ನಡುವೆ ಒಂದು ಉದ್ದ ಕೋಣೆ, ಅದರ ತುದಿಯಲ್ಲಿ ನನ್ನ ಗಡಿ.

ಕಿಟಕಿಯ ಅಧಿಕಾರಿ ಬಲಗೈಯ ನಾಲ್ಕು ಬೆರಳು ಇಡಿ ಎಂದರು. ಯಂತ್ರ ತೋರುಬೆರಳನ್ನು ಓದಲಿಲ್ಲ. ಒರೆಸಿ ಮತ್ತೆ ಇಡಿ ಎಂದರು. ಮತ್ತೂ ಓದಲಿಲ್ಲ. ಕೈ ತೋರಿಸಿ ಎಂದರು. ಕಪ್ಪು ಬೆರಳುಗಳು, ತುದಿಯಲ್ಲಿ ಹೊಸ ಗಾಯ. ಏನಿದು ಎಂದು ಕೇಳಿದರು. ಅಡಿಕೆ ಸುಲಿದದ್ದು ಎಂದು ಹೇಳಿದೆ. ಅವರಿಗೆ ಅಡಿಕೆ ಎಂದರೇನೆಂದು ತಿಳಿಯಲಿಲ್ಲ, ಹೇಗೆ ಸುಲಿಯುತ್ತೇವೆಂದು ಕೈಯಲ್ಲಿ ಮಾಡಿ ತೋರಿಸಿದೆ. ಪರದೆಯ ಮೇಲೆ ಏನನ್ನೋ ಓದಿದರು. “ಹಿಂದೆ ನಿಮಗೆ ವೀಸಾ ನಿರಾಕರಿಸಿದ್ದಾರೆಯೇ?” ಹೌದು, 2016ರ ಜುಲೈ, ವಿದ್ಯಾರ್ಥಿ ವೀಸಾ. ನನ್ನ ಪಾಸ್‌ಪೋರ್ಟನ್ನು ಒಂದು ಲಕೋಟೆಗೆ ಹಾಕಿ ಪಕ್ಕದ ಕೋಣೆಗೆ ಹೋಗಿ ಕೂರಲು ಹೇಳಿದರು.

ಆ ಕೋಣೆಯಲ್ಲಿ ಮೊಬೈಲ್ ತೆಗೆಯುವಂತಿಲ್ಲ. ಗೋಡೆಯ ಗಡಿಯಾರವೊಂದೇ. ಶಿಕಾಗೊ ವಿಮಾನಕ್ಕೆ ಒಂದು ಗಂಟೆ ಐವತ್ತು ನಿಮಿಷವಿತ್ತು. ಎದುರಿಗೆ ಒಬ್ಬ ಮುದುಕರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಯಾರೂ ಒರಟಾಗಿ ಮಾತನಾಡಲಿಲ್ಲ, ಯಾರೂ ಏನನ್ನೂ ಹೇಳಲೂ ಇಲ್ಲ. ಒಂದು ಗಂಟೆ ಕಳೆಯಿತು. ಗಾಬರಿಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ 2016ರಲ್ಲಿ ಬಾಯಿ ಒಣಗಿದ ಹಾಗೆ ಒಣಗಿರಲಿಲ್ಲ. ಕೇಳಿದರೆ ಏನು ಹೇಳಬೇಕು ಎಂದು ನೆನಪಿಸಿಕೊಳ್ಳುವ ಕೆಲಸವೇ ನನಗಿರಲಿಲ್ಲ. ಹೇಳಬೇಕಾದದ್ದೆಲ್ಲ ನಡೆದದ್ದೇ ಆಗಿತ್ತು.

ಕರೆದರು. ಈ ಸಲ ಹಿರಿಯ ಅಧಿಕಾರಿಣಿಯೊಬ್ಬರು. ಕೆಲಸ ಮಾಡುವ ಜಾಗದ ವಿಳಾಸ ಕೇಳಿದರು. ಕಾರ್ಮಿಕ ಇಲಾಖೆಗೆ ಕೊಟ್ಟ ಪತ್ರದಲ್ಲಿರುವುದೇ ಆ ವಿಳಾಸ, ನಾನು ಹೇಳಿದ್ದು ಅದಕ್ಕೆ ತಾಳೆಯಾಗಬೇಕು. ಬೀದಿಯ ಸಂಖ್ಯೆ ಸಮೇತ ಹೇಳಿದೆ. ಸಂಬಳ ಕೇಳಿದರು. ಮೊದಲ ದಿನ ಯಾರನ್ನು ಭೇಟಿಯಾಗಬೇಕು ಎಂದು ಕೇಳಿದರು. ನಿರಾಕರಣೆಯ ಬಗ್ಗೆ ಕೇಳಿದಾಗ ಚೆನ್ನೈನಲ್ಲಿ ಹೇಳಿದ್ದನ್ನೇ ಹೇಳಿದೆ, ಅದೇ ಮಾತುಗಳಲ್ಲಲ್ಲ. ತಿನ್ನುವುದೇನಾದರೂ ಇದೆಯೇ ಎಂದರು. ಅಪ್ಪೆಮಿಡಿ ಉಪ್ಪಿನಕಾಯಿ ಇದೆ ಎಂದೆ. ಎಷ್ಟು? ಒಂದು ಡಬ್ಬಿ. ಬರೆದುಕೊಂಡರು. ಕೊನೆಗೆ ಎಡಗೈ, ಬಲಗೈ ಎರಡನ್ನೂ ಮತ್ತೊಮ್ಮೆ ಯಂತ್ರದ ಮೇಲೆ ಇಡಿಸಿದರು. ತೋರುಬೆರಳಿನ ಮೇಲೆ ತಮ್ಮ ಕೈಯಿಂದಲೇ ಮೆಲ್ಲಗೆ ಒತ್ತಿದರು. ಹಸಿರು ದೀಪ ಬಂತು. ಮುದ್ರೆ ಬಿತ್ತು.

ವಿಮಾನದ ಬಾಗಿಲ ಬಳಿ ತಲುಪಿದಾಗ ಜನ ಹತ್ತತೊಡಗಿದ್ದರು. ಸಾಲಿನಲ್ಲಿ ನಿಂತೇ ಮೊಬೈಲಿನಲ್ಲಿ ಐ-94 ಎಂಬ ಪ್ರವೇಶ ದಾಖಲೆ ತೆಗೆದು ನೋಡಿದೆ. ಗಡಿ ದಾಟಿದ ಮೇಲೆ ಅದನ್ನು ನೋಡದೆ ಬಿಡಬಾರದು. ಎಷ್ಟು ದಿನ ಇರಬಹುದು ಎಂಬುದನ್ನು ತೀರ್ಮಾನಿಸುವುದು ವೀಸಾದ ಮೇಲಿನ ದಿನಾಂಕವಲ್ಲ, ಅದರಲ್ಲಿರುವ ದಿನಾಂಕ. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಅಲ್ಲಿಗೇ ಕತ್ತರಿಸಿಬಿಡುತ್ತಾರೆ, ಎಷ್ಟೋ ಜನರಿಗೆ ಇದು ತಿಳಿಯುವುದು ತಡವಾಗಿ. ನನ್ನ ಹೊಸ ಪಾಸ್‌ಪೋರ್ಟ್ ಅಲ್ಲಿ ಉಪಯೋಗಕ್ಕೆ ಬಂತು. ಕಂಪನಿಯ ಅರ್ಜಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೂ ಕೊಟ್ಟಿದ್ದರು.

ಶಿಕಾಗೊದಲ್ಲಿ ಇಳಿದಾಗ ಯಾರೂ ಏನೂ ಕೇಳಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ಬಂದೆ, ಗಾಳಿ ತಣ್ಣಗಿತ್ತು. ಮನೆಗೆ ಫೋನು ಹಚ್ಚಿದೆ. ಅಪ್ಪಯ್ಯ ಅಡಿಕೆ ಬೇಯಿಸುವ ಹಂಡೆಯ ಮುಂದಿದ್ದರು, ಸೌದೆ ಚಟಚಟ ಎನ್ನುವುದು ಕೇಳಿಸುತ್ತಿತ್ತು. ಗಡಿಯಲ್ಲಿ ಕೂರಿಸಿದ್ದು, ಕೇಳಿದ್ದು, ಬೆರಳು ಓದದೇ ಇದ್ದದ್ದು ಎಲ್ಲವನ್ನೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

“ಹಾಗಾದರೆ ಪೆಟ್ಟಿಗೆಯಲ್ಲಿರುವ ಆ ಹಾಳೆಯನ್ನು ಈಗ ಒಲೆಗೆ ಹಾಕಲೇ?” ಎಂದರು.

“ಬೇಡ, ಅಪ್ಪಯ್ಯ. ಇಟ್ಟಿರಿ. ಮುಂದಿನ ಅರ್ಜಿಯಲ್ಲೂ ಆ ಪ್ರಶ್ನೆ ಇರುತ್ತದೆ. ದಿನಾಂಕ ಬೇಕಾಗುತ್ತದೆ.”